ಗುರುವಿನ ಮಾತು, ಶಿಷ್ಯನ ಗೆರೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಎರಡು ಹಳೆಯ ಗುಡಿಗಳಿವೆ. ಒಂದು ಕಲ್ಲೇಶ್ವರನದು, 9ನೆಯ ಶತಮಾನದ್ದು. ಇನ್ನೊಂದು ಚೆನ್ನಕೇಶವನದು, 13ನೆಯ ಶತಮಾನದ್ದು. ಕಲ್ಲೇಶ್ವರ ಗುಡಿಯ ಮಂಟಪದಲ್ಲಿ ನಿಂತು ತಲೆಯೆತ್ತಿದರೆ ಸೂರಿನ ನಡುವೆ ನಾಲ್ಕು ಕೈಗಳ ಶಿವ ಕುಣಿಯುತ್ತಿದ್ದಾನೆ. ಸುತ್ತ ವಾದ್ಯದವರಿದ್ದಾರೆ. ಅವರಾಚೆ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ತಮ್ಮ ತಮ್ಮ ವಾಹನ ಮತ್ತು ಪರಿವಾರದೊಂದಿಗೆ. ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಒಂದು ಪುಸ್ತಕ ಪೆನ್ಸಿಲ್ಲು ಹಿಡಿದು ಇಲ್ಲಿಗೆ ಬಂದರೆ ಮೊದಲು ಎದುರಾಗುವುದು ಕತ್ತುನೋವು. ಎರಡನೆಯದು ಇನ್ನೂ ಕಷ್ಟದ್ದು: ಎಲ್ಲಿಂದ ಶುರು ಮಾಡುವುದು? ಕಾಲಿನಿಂದ ಹೊರಟರೆ ತಲೆಗೆ ಕಾಗದ ಸಾಲುವುದಿಲ್ಲ. ಮುಖದಿಂದ ಹೊರಟರೆ ಸೊಂಟದ ಬಾಗು ಸಿಕ್ಕುವುದಿಲ್ಲ. ತೋಳು ಎಣಿಸುತ್ತ ಕೂತರೆ ಕುಣಿತವೇ ಮಾಯವಾಗುತ್ತದೆ.

ಈ ಕಷ್ಟ ಹೊಸದಲ್ಲ. ಮನುಷ್ಯನ ಮೈಯನ್ನು ಗೆರೆಯಲ್ಲಿ ಹಿಡಿಯುವ ವಿದ್ಯೆಯನ್ನು ಯಾರೋ ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕಾಗಿತ್ತು. ಹಾಗೆ ಕಲಿಸಿದ್ದರಿಂದಲೇ ಈ ಸೂರು ನಮ್ಮ ತಲೆಯ ಮೇಲಿದೆ. ಆದರೆ ಹೇಗೆ ಕಲಿಸಿದರು? ಗುರು ಏನು ಹೇಳುತ್ತಿದ್ದ? ಶಿಷ್ಯನ ಗೆರೆ ತಪ್ಪಿದಾಗ ಏನು ಮಾಡುತ್ತಿದ್ದ? ಕಲ್ಲು ಇದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ. ಪಾಠ ಹೇಳಿದ ಗುರು, ಕಲಿತ ಕನ್ನಡದ ಶಿಷ್ಯ ಮತ್ತು ಪಾಠದ ಪುಸ್ತಕ ಮೂರೂ ನಮಗೆ ಒಟ್ಟಿಗೆ ಸಿಗುವ ಒಂದು ಪ್ರಸಂಗ ಇದೆ. ಅದು ನಡೆದದ್ದು ತೆಂಗಿನ ಸೀಮೆಯಿಂದ ಬಹಳ ದೂರ, ಕಲ್ಕತ್ತೆಯಲ್ಲಿ, 1909ರಿಂದ 1916ರ ನಡುವೆ. ಶಿಷ್ಯ ಮೈಸೂರಿನ ಕೆ. ವೆಂಕಟಪ್ಪ, ಗುರು ಅವನೀಂದ್ರನಾಥ ಟ್ಯಾಗೋರ್. ಆ ಪಾಠ ತಿಳಿದುಕೊಂಡರೆ ಅರಳಗುಪ್ಪೆಯ ಸೂರು ಸ್ವಲ್ಪ ಮಾತಾಡತೊಡಗುತ್ತದೆ ಎಂಬುದು ಈ ಬರಹದ ನಂಬಿಕೆ. ಹಾಗಾಗಿ ಮೊದಲು ಇಲ್ಲಿನ ಕಲ್ಲುಗಳನ್ನು ನೋಡಿ, ಆಮೇಲೆ ಕಲ್ಕತ್ತೆಗೆ ಹೋಗಿ, ಮತ್ತೆ ಇಲ್ಲಿಗೇ ಬರೋಣ.

ಹೆಸರಿದೆ, ಪಾಠವಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಉಂಡೆ ಕೊಬ್ಬರಿ. ಆದರೆ ತೋಟಗಳ ನಡುವೆ ಅಲ್ಲಲ್ಲಿ ಬಳಪದ ಕಲ್ಲಿನ ಗುಡಿಗಳು ನಿಂತಿವೆ. ತುರುವೇಕೆರೆಯ ಚೆನ್ನಕೇಶವ ಗುಡಿಯನ್ನು 1263ರಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಸೋಮಣ್ಣ ದಣ್ಣಾಯಕ ಕಟ್ಟಿಸಿದ. ಅದೇ ಊರಿನಲ್ಲಿ ಮೂಲೆ ಶಂಕರೇಶ್ವರನ ಗುಡಿಯಿದೆ. ಗಂಗಾಧರೇಶ್ವರನ ಎದುರು ಕನ್ನಡಿಯಂತೆ ಹೊಳಪು ಕೊಟ್ಟ ಕರಿಯ ನಂದಿಯಿದೆ. ನೊಣವಿನಕೆರೆಗೆ ಹತ್ತಿರದ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ಗುಡಿ ಇದೆ. ಚಿಕ್ಕನಾಯಕನಹಳ್ಳಿ ಕಡೆ ಶೆಟ್ಟಿಕೆರೆಯಲ್ಲಿ ಯೋಗಮಾಧವನಿದ್ದಾನೆ. ತಿಪಟೂರಿನಿಂದ ಹೆಚ್ಚು ದೂರವಿಲ್ಲದ, ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಣ್ಣಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯಿದೆ.

ಹೊಯ್ಸಳ ಶಿಲ್ಪಿಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಮೂರ್ತಿಯ ಪೀಠದಲ್ಲಿ ತಮ್ಮ ಹೆಸರು ಕೊರೆದರು. ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಜೊತೆ ಹೊನ್ನೋಜನ ಹೆಸರು ಸೇರಿಕೊಂಡಿದೆ. ನುಗ್ಗೇಹಳ್ಳಿಯಲ್ಲಂತೂ ಎರಡು ಕೈಗಳು ಒಂದೇ ಕಟ್ಟಡದ ಮೇಲೆ ಎದುರು ಬದುರಾಗಿವೆ: ದಕ್ಷಿಣದ ಗೋಡೆಯ ಮೂರ್ತಿಗಳು ನಂದಿಯ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಹಿಡಿದು ಹಾರನಹಳ್ಳಿ, ನುಗ್ಗೇಹಳ್ಳಿ ದಾಟಿ ಸೋಮನಾಥಪುರದವರೆಗೂ ಸಿಗುತ್ತದೆ. ಎಲ್ಲವೂ ಒಬ್ಬನೇ ವ್ಯಕ್ತಿಯ ಹೆಸರಾದರೆ ಅವನು ಅರವತ್ತು ವರ್ಷಕ್ಕೂ ಮೀರಿ ಉಳಿ ಹಿಡಿದಿದ್ದ ಎಂದಾಯಿತು. ಅಷ್ಟು ಉದ್ದದ ವೃತ್ತಿಜೀವನದಲ್ಲಿ ಅವನ ಕೈಕೆಳಗೆ ಎಷ್ಟು ಹುಡುಗರು ಕಲಿತಿರಬೇಡ!

ಈ ರುಜುಗಳು ಶಿಲ್ಪಿಯ ಹೆಸರು ಹೇಳುತ್ತವೆ. ಕೆಲವೊಮ್ಮೆ ಊರು, ತಂದೆ, ಬಿರುದು ಹೇಳುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ಸಿಗುವುದರಿಂದ ಅಪ್ಪ ಮಗನಿಗೆ ಕಲಿಸುತ್ತಿದ್ದ ಎಂದು ಊಹಿಸಬಹುದು. ಅದರಾಚೆಗೆ ಪಾಠಶಾಲೆಯ ಒಳಗಿನ ಸದ್ದು ಕೇಳಿಸುವುದಿಲ್ಲ.

ದಾಖಲೆ ಮೌನವಾದ ಕಡೆ ಜನ ಕಥೆ ಕಟ್ಟುತ್ತಾರೆ. ತುಮಕೂರಿನ ಹತ್ತಿರದ ಕೈದಾಳ ಜಕಣಾಚಾರಿಯ ಊರು ಎಂಬುದು ಪ್ರತೀತಿ. ಅಲ್ಲಿನ ಚೆನ್ನಿಗರಾಯನ ಗುಡಿ 12ನೆಯ ಶತಮಾನದ ನಡುಭಾಗದ್ದು. ಕಥೆ ಎಲ್ಲರಿಗೂ ಗೊತ್ತಿರುವುದೇ. ಹೆಂಡತಿ, ಹುಟ್ಟಲಿರುವ ಮಗು ಎಲ್ಲವನ್ನೂ ಬಿಟ್ಟು ಜಕಣ ಹೊರಟುಹೋಗುತ್ತಾನೆ. ಬೆಳೆದ ಮಗ ಡಂಕಣ ಬೇಲೂರಿಗೆ ಬಂದು, ಜಕಣ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಗಂಧ ಬಳಿದು ನೋಡಿದರೆ ಹೊಟ್ಟೆಯ ಬಳಿ ಮಾತ್ರ ಒಣಗುವುದಿಲ್ಲ. ಒಡೆದರೆ ನೀರು, ಮರಳು, ಕಪ್ಪೆ. ಜಕಣ ಮಾತಿಗೆ ತಪ್ಪದೆ ತನ್ನ ಕೈ ಕಡಿದುಕೊಳ್ಳುತ್ತಾನೆ. ಮುಂದೆ ಕೈದಾಳದಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತದೆ. ಹೊಯ್ಸಳ ಶಾಸನಗಳಲ್ಲಿ ಈ ಜಕಣಾಚಾರಿ ಸಿಗುವುದಿಲ್ಲ. ಆದರೂ ಕಥೆಯಲ್ಲಿ ಗಮನಿಸಬೇಕಾದ್ದೊಂದಿದೆ. ವಿದ್ಯೆ ಎಂದರೆ ಇಲ್ಲಿ ದೋಷ ಹಿಡಿಯುವ ಕಣ್ಣು. ಮಗನಿಗೆ ಆ ಕಣ್ಣು ಎಲ್ಲಿಂದ ಬಂತು, ಕೈಹಿಡಿದು ತಿದ್ದಿದವರು ಯಾರು ಎಂಬುದನ್ನು ಕಥೆಯೂ ಹೇಳುವುದಿಲ್ಲ. ರಕ್ತದಲ್ಲಿ ಬಂತು ಎಂದು ಬಿಟ್ಟುಬಿಡುತ್ತದೆ. ಕಲಿಕೆಯ ವರ್ಷಗಳು ಕಥೆಯಲ್ಲೂ ಕಾಣೆಯಾಗಿವೆ.

ಮುಖವೇ ಅಳತೆಗೋಲು

ಶಿಲ್ಪಿಯ ಮನೆಯೊಳಗಿನ ಮಾತು ನಮಗೆ ಸಿಗದಿದ್ದರೂ, ಆ ಮಾತಿನ ವ್ಯಾಕರಣ ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ ಉಳಿದಿದೆ. ಅದರ ಹೆಸರು ತಾಲಮಾನ. ಹೆಸರು ದೊಡ್ಡದು, ಲೆಕ್ಕ ಸರಳ. ಕೂದಲಿನ ಅಂಚಿನಿಂದ ಗಲ್ಲದ ತುದಿಯವರೆಗಿನ ಮುಖದ ಉದ್ದವೇ ಒಂದು ತಾಲ. ಒಂದು ತಾಲಕ್ಕೆ 12 ಅಂಗುಲ. ಈ ಅಂಗುಲ ಅಂಗಡಿಯ ಟೇಪಿನದಲ್ಲ. ಕಡೆಯುವ ಮೂರ್ತಿಯ ಮುಖದ ಹನ್ನೆರಡರಲ್ಲೊಂದು ಪಾಲು. ಹಾಗಾಗಿ ಮೂರ್ತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಲೆಕ್ಕ ಬದಲಾಗುವುದಿಲ್ಲ.

ನವತಾಲದ ಮೂರ್ತಿಯನ್ನೇ ನೋಡಿ. ನೆತ್ತಿಯಿಂದ ಕೂದಲ ಅಂಚಿಗೆ 3 ಅಂಗುಲ. ಮುಖ 12. ಕತ್ತು 3. ಕತ್ತಿನ ಬುಡದಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿಂದ ತೊಡೆಯ ಸಂದಿಗೆ 12. ತೊಡೆ 24, ಮಂಡಿ 3, ಮೊಣಕಾಲಿನ ಕೆಳಭಾಗ 24, ಪಾದದ ಎತ್ತರ 3. ಕೂಡಿದರೆ 108 ಅಂಗುಲ, ಅಂದರೆ ಒಂಬತ್ತು ಮುಖ. ಮಗುವಿನ ರೂಪಕ್ಕೆ 5 ತಾಲ, ಕುಮಾರರೂಪಕ್ಕೆ 6. ಕ್ರೂರಮೂರ್ತಿಗಳಿಗೆ 12, ಅಸುರರಿಗೆ 16 ಎಂದು ಶುಕ್ರನೀತಿಯ ಪಟ್ಟಿ ಹೋಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಯುರೋಪಿನ ಕಲಾಶಾಲೆಗಳು ಮುಖದಿಂದಲ್ಲ, ಇಡೀ ತಲೆಯಿಂದ ಅಳೆಯುತ್ತವೆ. ನವತಾಲದಲ್ಲಿ ತಲೆಯೆಂದರೆ ನೆತ್ತಿಯ 3, ಮುಖದ 12, ಒಟ್ಟು 15 ಅಂಗುಲ. 108ನ್ನು 15ರಿಂದ ಭಾಗಿಸಿದರೆ 7.2. ಬದುಕಿರುವ ಸಾಮಾನ್ಯ ಮನುಷ್ಯ ಸುಮಾರು ಏಳರಿಂದ ಏಳೂವರೆ ತಲೆ ಎತ್ತರವಿರುತ್ತಾನೆ. ಅಂದರೆ, ಭಾರತದ ಶಿಲ್ಪಿಗಳಿಗೆ ಮನುಷ್ಯನ ಮೈಯ ಅಳತೆ ಗೊತ್ತಿರಲಿಲ್ಲ ಎಂಬ ಹಳೆಯ ಟೀಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಎತ್ತರದ ಅಳತೆ ಮೈಯಿಂದಲೇ ಬಂದದ್ದು. ವ್ಯತ್ಯಾಸ ಇರುವುದು ಬೇರೆ ಕಡೆ, ಮೂಳೆ ಮಾಂಸಖಂಡಗಳನ್ನು ತೋರಿಸುವುದರಲ್ಲಿ.

ಅಳತೆಯ ನಂತರದ ಪಾಠ ಭಂಗ, ಅಂದರೆ ಮೈಯ ಬಾಗು. ಗಾರೆ ಕೆಲಸದವರ ತೂಗುಗುಂಡನ್ನು ನೆನೆಸಿಕೊಳ್ಳಿ. ನೆತ್ತಿಯಿಂದ ಒಂದು ದಾರ ಇಳಿಬಿಟ್ಟರೆ ಅದು ಹುಬ್ಬುಗಳ ನಡುವೆ ಹಾದು, ಹೊಕ್ಕುಳ ಮೇಲೆ ಬಂದು, ಎರಡು ಹಿಮ್ಮಡಿಗಳ ನಡುವೆ ನಿಂತರೆ ಸಮಭಂಗ. ದಾರದಿಂದ ಮೈ ಸ್ವಲ್ಪ ಒಂದು ಕಡೆಗೆ ಸರಿದರೆ ಆಭಂಗ. ತಲೆ ಒಂದು ಕಡೆ, ನಡು ಇನ್ನೊಂದು ಕಡೆ, ಕಾಲು ಮತ್ತೆ ತಲೆಯ ಕಡೆಗೆ ಬಾಗಿದರೆ ತ್ರಿಭಂಗ. ಕುಣಿತ, ಕಾಳಗ, ಉಗ್ರರೂಪಗಳಲ್ಲಿ ಈ ಬಾಗುಗಳೇ ಜೋರಾದರೆ ಅತಿಭಂಗ. ಅರಳಗುಪ್ಪೆಯ ಸೂರಿನ ಶಿವ ಕೊನೆಯ ಗುಂಪಿನವನು. ಅವನನ್ನು ಬರೆಯಲು ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆಗೆ ಶಾಸ್ತ್ರದ ಉತ್ತರ ಸಿಕ್ಕಿತು: ಕಾಲಿನಿಂದಲೂ ಅಲ್ಲ, ಮುಖದಿಂದಲೂ ಅಲ್ಲ, ಕಾಣದ ಆ ದಾರದಿಂದ.

ಹಾಗಿದ್ದರೆ ಅಳತೆ ಮತ್ತು ದಾರ ಗೊತ್ತಾದವರೆಲ್ಲ ಶಿಲ್ಪಿಗಳಾಗಬೇಕಿತ್ತು. ಆಗುವುದಿಲ್ಲ. 108 ಅಂಗುಲದ ಲೆಕ್ಕ ತಪ್ಪಿಲ್ಲದೆ ಬರೆದ ಮೈ ಕಟ್ಟಿಗೆಯ ಗೊಂಬೆಯಂತೆ ನಿಲ್ಲಬಹುದು. ಲೆಕ್ಕಕ್ಕೂ ಜೀವಕ್ಕೂ ನಡುವೆ ಇನ್ನೇನೋ ಬೇಕು. ಅದನ್ನು ಕಲಿಸುವ ಒಬ್ಬ ಗುರು 20ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿದ್ದರು.

ಮೈಸೂರಿನ ಹುಡುಗ ಕಲ್ಕತ್ತೆಯಲ್ಲಿ

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ. ಹುಣಸೆಯ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ಗೆರೆ, ಅಳಿಲಿನ ಕೂದಲಿನ ಕುಂಚ, ಗೆಸ್ಸೊ ಕೆಲಸ, ಚಿನ್ನದ ರೇಕು ಇವೆಲ್ಲ ಆ ಪರಂಪರೆಯ ಸಲಕರಣೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ರೂಪ ಲಕ್ಷಣಗಳನ್ನು ಚಿತ್ರಸಹಿತ ಬರೆದಿಟ್ಟ ಊರು ಅದು. ಇನ್ನೊಂದು ಕಡೆ ಅದೇ ಮೈಸೂರಿನಲ್ಲಿ ರವಿವರ್ಮನ ತೈಲಚಿತ್ರಗಳ ಮೋಹ ಹಬ್ಬಿತ್ತು. ಮಾಂಸ, ಚರ್ಮ, ರೇಷ್ಮೆ ಕೈಗೆ ಸಿಗುವಂತೆ ಕಾಣುವ ಯುರೋಪಿನ ರೀತಿ. ಹುಡುಗನ ಎದುರಿಗೆ ಎರಡು ದಾರಿಗಳಿದ್ದವು.

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ವೆಂಕಟಪ್ಪ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಆ ಶಾಲೆಯಲ್ಲಿ ಅದಾಗಲೇ ಒಂದು ಗಲಾಟೆ ನಡೆದುಹೋಗಿತ್ತು. ಬ್ರಿಟಿಷರ ಕಲಾಶಾಲೆಗಳಲ್ಲಿ ಮನುಷ್ಯಾಕೃತಿ ಕಲಿಯುವುದೆಂದರೆ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ನಕಲುಗಳ ಎದುರು ಕೂತು ನೆರಳು ಬೆಳಕು ತೀಡುವುದು. ಪ್ರಿನ್ಸಿಪಾಲರಾಗಿದ್ದ ಇ. ಬಿ. ಹ್ಯಾವೆಲ್ ಇದನ್ನು ಪ್ರಶ್ನಿಸಿ, ಭಾರತದ ಚಿತ್ರ ಶಿಲ್ಪಗಳನ್ನೇ ಪಾಠದ ನಡುವೆ ತಂದರು. ಬಂಗಾಳದ ವಿದ್ಯಾರ್ಥಿಗಳೇ ಅದನ್ನು ವಿರೋಧಿಸಿದರು. ತಮಗೆ ಕೀಳು ದರ್ಜೆಯ ವಿದ್ಯೆ ಕೊಡುತ್ತಿದ್ದಾರೆ ಎಂದು ಅವರಿಗನಿಸಿತು. ಹ್ಯಾವೆಲ್ 1905ರಲ್ಲಿ ಅವನೀಂದ್ರನಾಥರನ್ನು ವೈಸ್ ಪ್ರಿನ್ಸಿಪಾಲರಾಗಿ ಕರೆತಂದಿದ್ದರು. ರವೀಂದ್ರನಾಥರ ದಾಯಾದಿ ಅಣ್ಣನ ಮಗನಾದ ಅವನೀಂದ್ರನಾಥರು ಸ್ವತಃ ಯುರೋಪಿನ ಶಿಕ್ಷಕರಲ್ಲಿ ಕಲಿತು, ಆಮೇಲೆ ಮೊಘಲ್ ಮತ್ತು ರಜಪೂತ ಚಿತ್ರಗಳ ಕಡೆ ಹೊರಳಿದವರು.

ಅವರು ಎಂಥ ಗುರು ಎಂಬುದಕ್ಕೆ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಅದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಶಿಷ್ಯ ನಂದಲಾಲ್ ಬೋಸ್ ಉಮೆಯ ತಪಸ್ಸಿನ ಚಿತ್ರ ಬರೆದಿದ್ದರು. ಬಣ್ಣ ತೀರ ಕಡಿಮೆಯಿತ್ತು. ಗುರು ನೋಡಿ, ಇನ್ನಷ್ಟು ಬಣ್ಣ ಬೇಕು, ಉಮೆಗೆ ಸ್ವಲ್ಪ ಅಲಂಕಾರ ಮಾಡು ಎಂದರು. ರಾತ್ರಿ ಮಲಗಿದರೆ ನಿದ್ದೆ ಹತ್ತಲಿಲ್ಲ. ತಪಸ್ಸಿಗೆ ಕೂತವಳಿಗೆ ಅಲಂಕಾರ ಯಾಕೆ, ಹುಡುಗ ಕಂಡದ್ದೇ ಸರಿಯಲ್ಲವೇ ಎಂಬ ಕೊರಗು. ಬೆಳಗಾಗುತ್ತಲೇ ಶಿಷ್ಯನಲ್ಲಿಗೆ ಓಡಿ, ಚಿತ್ರಕ್ಕೆ ಬಣ್ಣ ತಾಗುವ ಮೊದಲೇ ತಡೆದರು. ಜಕಣನ ಕಥೆಯಲ್ಲಿ ತಪ್ಪು ಹೊರಬಿದ್ದಾಗ ಕೈ ಕತ್ತರಿಸಬೇಕಾಯಿತು. ಇಲ್ಲಿ ಗುರು ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡು ಶಿಷ್ಯನ ಕೈ ಉಳಿಸಿದರು. ಆ ನಂದಲಾಲರೂ ವೆಂಕಟಪ್ಪನವರೂ ಒಬ್ಬನೇ ಗುರುವಿನ ಕೆಳಗೆ ಕಲಿತವರು.

ಮಾದರಿ ಕೂರಿಸಿ ಕಂಡದ್ದನ್ನು ಕಂಡ ಹಾಗೆ ಬರೆಸುವುದಕ್ಕಿಂತ, ನೋಡಿ ಮನಸ್ಸಿನಲ್ಲಿ ಹಿಡಿದು ಆಮೇಲೆ ಬರೆಸುವುದು ಅವನೀಂದ್ರನಾಥರ ಒಲವು. ಪುರಾಣ, ಕಾವ್ಯಗಳ ಓದು ಚಿತ್ರದ ಪಾಠದ ಭಾಗವಾಗಿತ್ತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಸೇರಿ ಬರೆದ ಹಿಂದೂ ಬೌದ್ಧ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಮೈಸೂರಿನ ಚಿತ್ರಗಾರರ ಹುಡುಗ ಇಪ್ಪತ್ತೇಳರ ವಯಸ್ಸಿಗೆ ಲೋಕದ ಓದುಗರ ಮುಂದೆ ಬಂದಿದ್ದ.

1914ರ ಪುಟ್ಟ ಪುಸ್ತಕ

ಮರುವರ್ಷ, 1914ರಲ್ಲಿ, ಕಲ್ಕತ್ತೆಯ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ಅವನೀಂದ್ರನಾಥರ ಒಂದು ಪುಟ್ಟ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರತಂದಿತು. ಭಾರತೀಯ ಕಲೆಯ ಅಂಗರಚನೆಯ ಬಗ್ಗೆ ಕೆಲವು ಟಿಪ್ಪಣಿಗಳು ಎಂಬುದು ಅದರ ಹೆಸರಿನ ಅರ್ಥ. ಬಂಗಾಳಿಯಿಂದ ಅನುವಾದಿಸಿದವರು ಸುಕುಮಾರ್ ರಾಯ್, ಅಂದರೆ ಸತ್ಯಜಿತ್ ರಾಯ್ ಅವರ ತಂದೆ. ಪುಸ್ತಕದ ರೇಖಾಚಿತ್ರಗಳು ನಂದಲಾಲ್ ಬೋಸ್ ಮತ್ತು ವೆಂಕಟಪ್ಪನವರವು. ಮಾತು ಗುರುವಿನದು, ಗೆರೆ ಶಿಷ್ಯರದು. ಶಿಲ್ಪಿಯ ಮನೆಯೊಳಗೆ ನಡೆಯುತ್ತಿದ್ದ ಪಾಠ ಎಂಥದ್ದಿರಬಹುದು ಎಂದು ತಿಳಿಯಲು ಇದಕ್ಕಿಂತ ಹತ್ತಿರದ ದಾರಿ ಸಿಗುವುದು ಕಷ್ಟ.

ತಾಲದ ಲೆಕ್ಕ, ಭಂಗಗಳ ವಿವರ ಅದರಲ್ಲಿದೆ. ಆದರೆ ಪುಸ್ತಕದ ಜೀವ ಇರುವುದು ಮೂರನೆಯ ಪಾಠದಲ್ಲಿ: ಮೈಯ ಒಂದೊಂದು ಭಾಗಕ್ಕೂ ಒಂದೊಂದು ಹೋಲಿಕೆ. ಮುಖ ಕೋಳಿಮೊಟ್ಟೆಯ ಹಾಗೆ, ಇಲ್ಲವೇ ವೀಳ್ಯದೆಲೆಯ ಹಾಗೆ. ಹುಬ್ಬು ಬೇವಿನ ಎಲೆ ಅಥವಾ ಬಿಲ್ಲು. ಕಣ್ಣು ಮೀನು, ಜಿಂಕೆ, ತಾವರೆಯ ಎಸಳು. ಮೂಗು ಎಳ್ಳಿನ ಹೂವು. ತುಟಿ ತೊಂಡೆಹಣ್ಣು. ಗಲ್ಲ ಮಾವಿನ ವಾಟೆ. ಕತ್ತು ಶಂಖ. ಭುಜ ಮತ್ತು ತೋಳು ಆನೆಯ ತಲೆ ಮತ್ತು ಸೊಂಡಿಲು. ಮೊಣಕೈಯಿಂದ ಕೆಳಗೆ ಎಳೆಯ ಬಾಳೆ. ತೊಡೆ ಬಾಳೆಯ ದಿಂಡು. ಮಂಡಿ ಏಡಿಯ ಚಿಪ್ಪು. ಮೀನಖಂಡ ತತ್ತಿ ತುಂಬಿದ ಮೀನು. ಗಂಡಸಿನ ಮುಂಡ ಹಸುವಿನ ಮುಖ. ಪುಟದ ಮೇಲೆ ವಸ್ತುವಿನ ಚಿತ್ರವೂ ಅಂಗದ ಚಿತ್ರವೂ ಪಕ್ಕಪಕ್ಕದಲ್ಲಿವೆ.

ಸಾಹಿತ್ಯದ ವಿದ್ಯಾರ್ಥಿಗಳು ಈ ಪಟ್ಟಿ ಓದಿ ನಕ್ಕರೆ ಆಶ್ಚರ್ಯವಿಲ್ಲ. ಹಳಗನ್ನಡ ಕಾವ್ಯಗಳಲ್ಲಿ ನಾಯಕಿ ಬಂದಾಗಲೆಲ್ಲ ಸವೆದುಹೋಗುವಷ್ಟು ಬಳಸಿದ ಉಪಮೆಗಳಿವು. ಪರೀಕ್ಷೆಗೆ ಓದುವಾಗ ಇವನ್ನು ಬೇಗ ದಾಟಿ ಮುಂದೆ ಹೋಗಬೇಕೆನಿಸುತ್ತದೆ. ಆದರೆ ವೆಂಕಟಪ್ಪ, ನಂದಲಾಲರ ಗೆರೆಗಳ ಪಕ್ಕ ಇಟ್ಟು ನೋಡಿದಾಗ ಇವು ಹೊಗಳಿಕೆಯ ಮಾತುಗಳಾಗಿ ಉಳಿಯುವುದಿಲ್ಲ. ಕೆಲಸದ ಸೂಚನೆಗಳಾಗುತ್ತವೆ.

ಹಸುವಿನ ಮುಖವನ್ನೇ ತೆಗೆದುಕೊಳ್ಳಿ. ಹಣೆ ಅಗಲವಾಗಿ ಗಟ್ಟಿಯಾಗಿದೆ, ಅದು ಎದೆ. ಕೆಳಗೆ ಬರುತ್ತ ಸಣ್ಣಗಾಗುತ್ತದೆ, ಅದು ನಡು. ಮೂತಿಯ ಹತ್ತಿರ ಮತ್ತೆ ಮೆತ್ತಗೆ ತುಂಬಿಕೊಳ್ಳುತ್ತದೆ, ಅದು ಕಿಬ್ಬೊಟ್ಟೆ. ಎಲ್ಲಿ ಗಟ್ಟಿ, ಎಲ್ಲಿ ಮೆದು, ಗೆರೆ ಎಲ್ಲಿ ಒಳಹೋಗಬೇಕು, ಎಲ್ಲಿ ಹೊರಬರಬೇಕು ಎಂಬುದೆಲ್ಲ ಒಂದು ಮಾತಿನಲ್ಲಿ ಬಂತು. ಕೊಟ್ಟಿಗೆಯಲ್ಲಿ ದಿನಾ ಹಸು ನೋಡುವ ಹುಡುಗನಿಗೆ ಮಾಂಸಖಂಡಗಳ ಲ್ಯಾಟಿನ್ ಹೆಸರು ಬೇಕಾಗಲಿಲ್ಲ. ಮಂಡಿಗೆ ಏಡಿಯ ಚಿಪ್ಪು ಎಂದದ್ದೂ ಹೀಗೆಯೇ: ಮೇಲೆ ಗಟ್ಟಿ, ಅಂಚಿನಲ್ಲಿ ಒಳಕ್ಕೆ ತಿರುಗುವ ದುಂಡು. ಬಾಳೆಯ ದಿಂಡು ಎಂದರೆ ನುಣುಪು, ನಿಧಾನಕ್ಕೆ ಸಣ್ಣಗಾಗುವ ಗಾತ್ರ, ಒಳಗೆ ರಸ ತುಂಬಿದ ಭಾರ. ಅಳತೆ ಉದ್ದ ಹೇಳಿತು. ಹೋಲಿಕೆ ಗುಣ ಹೇಳಿತು. ಈ ಎರಡರ ನಡುವೆ ಗೆರೆಗೆ ಜೀವ ಬರುತ್ತದೆ.

ಹಾಗಾದರೆ ಕವಿಗಳಿಂದ ಶಿಲ್ಪಿಗಳು ಪಡೆದರೋ, ಶಿಲ್ಪಿಗಳಿಂದ ಕವಿಗಳು ಪಡೆದರೋ? ಇದಕ್ಕೆ ಒಂದೇ ಉತ್ತರ ಇರಬೇಕಾಗಿಲ್ಲ. ಇಬ್ಬರೂ ನೋಡಿದ್ದು ಅದೇ ತೋಟ, ಅದೇ ಕೆರೆ, ಅದೇ ಕೊಟ್ಟಿಗೆಯನ್ನು. ಕಾವ್ಯದಲ್ಲಿ ನಮಗೆ ಸವೆದಂತೆ ಕಾಣುವ ಮಾತು ಕಲ್ಲಿನ ಮೇಲೆ ಇನ್ನೂ ಹರಿತವಾಗಿರುವುದಕ್ಕೆ ಕಾರಣ, ಅಲ್ಲಿ ಆ ಮಾತನ್ನು ಪ್ರತಿ ಸಲವೂ ಕೈಯಿಂದ ಮಾಡಿ ತೋರಿಸಬೇಕಾಗಿತ್ತು.

ಪುಸ್ತಕ ಮಾಡಿದ್ದು, ಮಾಡದೆ ಬಿಟ್ಟದ್ದು

ಈ ಪುಟ್ಟ ಪುಸ್ತಕ ಇನ್ನೊಂದು ಕೆಲಸ ಮಾಡಿತು. ತಾಲಮಾನದ ಅರಿವು ಶಿಲ್ಪಿ, ಚಿತ್ರಗಾರ ಮನೆತನಗಳ ಒಳಗೆ ಇದ್ದದ್ದು. ಹೊರಗಿನವರಿಗೆ, ಆ ಕುಲದಲ್ಲಿ ಹುಟ್ಟದವರಿಗೆ, ಹೆಣ್ಣುಮಕ್ಕಳಿಗೆ ಅದು ಸುಲಭವಾಗಿ ಸಿಗುವಂತಿರಲಿಲ್ಲ. ಅಚ್ಚಾದ ಮೇಲೆ ಓದಬಲ್ಲ ಯಾರಾದರೂ ಅದನ್ನು ತೆರೆಯಬಹುದಾಗಿತ್ತು. ಟ್ಯಾಗೋರ್ ಮನೆತನದ ಗುರು, ಚಿತ್ರಗಾರ ಮನೆತನದ ಶಿಷ್ಯ ಸೇರಿ ಮಾಡಿದ ಪುಸ್ತಕ ಎಂಬುದನ್ನು ಮರೆಯಬಾರದು. ಗುರುವಿನ ಮಾತಿಗೆ ಗೆರೆ ಕೊಟ್ಟ ಕೈಗಳಲ್ಲೊಂದು ಆ ವಿದ್ಯೆಯನ್ನು ಅರ್ಧ ಮನೆಯಿಂದಲೇ ತಂದಿತ್ತು.

ಅಪಾಯವೂ ಇತ್ತು. ಹೋಲಿಕೆ ಕಣ್ಣನ್ನು ತೆರೆಯುವ ಬದಲು ಮುಚ್ಚಲೂ ಬಹುದು. ಮೀನಿನಂಥ ಕಣ್ಣು, ಬಳ್ಳಿಯಂಥ ಬೆರಳು ಎಂದು ಕಂಠಪಾಠ ಮಾಡಿದವರು ಎದುರಿನ ಮನುಷ್ಯರನ್ನು ನೋಡುವುದನ್ನೇ ಬಿಟ್ಟರು. ಬಂಗಾಳ ಶೈಲಿಯನ್ನು ಅನುಕರಿಸಿದ ಮುಂದಿನ ಎಷ್ಟೋ ಚಿತ್ರಗಳಲ್ಲಿ ಮೂಳೆಯಿಲ್ಲದ ಬೆರಳುಗಳು, ಅರೆಮುಚ್ಚಿದ ಕಣ್ಣುಗಳು ಮಾತ್ರ ಉಳಿದವು. ಗದ್ದೆಯಲ್ಲಿ ಬಗ್ಗಿದ ಬೆನ್ನು, ತೆಂಗಿನ ಮರ ಹತ್ತುವವನ ಪಾದ, ಕಾಯಿ ಸುಲಿಯುವ ಹೆಂಗಸಿನ ಮುಂಗೈ ಈ ಪಟ್ಟಿಯಲ್ಲಿ ಇಲ್ಲ. ಅವನೀಂದ್ರನಾಥರಿಗೆ ಇದು ಗೊತ್ತಿತ್ತು. ಶಾಸ್ತ್ರದ ಅಳತೆ ಕಲಾವಿದನನ್ನು ಕಟ್ಟಿಹಾಕಲು ಇರುವುದಲ್ಲ, ನೆರವಿಗೆ ಇರುವುದು ಎಂದು ಅವರು ಪುಸ್ತಕದಲ್ಲೇ ಎ­ಚ್ಚರಿಸಿದ್ದರು. ಎಚ್ಚರಿಕೆಗಿಂತ ಪಟ್ಟಿಯೇ ಹೆಚ್ಚು ಜನಪ್ರಿಯವಾಯಿತು.

ವೆಂಕಟಪ್ಪ 1916ರಲ್ಲಿ ಮೈಸೂರಿಗೆ ಮರಳಿದರು. ಆಮೇಲಿನ ಅವರ ಬದುಕು ಬೇರೆ ದಾರಿ ಹಿಡಿಯಿತು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಊಟಿ, ಕೊಡೈಕೆನಾಲ್‌ಗಳ ಮಂಜು, ಬಿಸಿಲು, ಮಳೆಮೋಡಗಳನ್ನು ಜಲವರ್ಣದಲ್ಲಿ ಬರೆದರು. ಅರಮನೆಗಾಗಿ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ಮದುವೆಯಾಗಲಿಲ್ಲ. ಕಟ್ಟುನಿಟ್ಟಿನ, ಒಂಟಿ ಬದುಕು. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1975ರಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ತೆರೆಯಿತು. ಅವರ ಸ್ನೇಹಿತ ನಂದಲಾಲ್ ಶಾಂತಿನಿಕೇತನದ ಕಲಾಭವನದಲ್ಲಿ ತಲೆಮಾರುಗಳಿಗೆ ಗುರುವಾದರು. ವೆಂಕಟಪ್ಪ ಅಂಥ ಶಾಲೆ ಕಟ್ಟಲಿಲ್ಲ. ಗುರುವಿನಿಂದ ಪಡೆದದ್ದು ಅವರ ಚಿತ್ರಗಳಲ್ಲಿ ಉಳಿಯಿತು; ಮುಂದಿನ ಕೈಗೆ ದಾಟಿಸುವ ಕೆಲಸ ಕನ್ನಡ ನಾಡಿನಲ್ಲಿ ಬೇರೆಯವರ ಪಾಲಾಯಿತು. ಬೆಂಗಳೂರಿನಲ್ಲಿ 1919ರಲ್ಲಿ ಕಲಾಮಂದಿರ ತೆರೆದ ಅ. ನ. ಸುಬ್ಬರಾಯರು, ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಗದಗಿನಲ್ಲಿ ಟಿ. ಪಿ. ಅಕ್ಕಿ, ಮುಂದೆ ಕೆನ್ ಶಾಲೆಯ ಆರ್. ಎಂ. ಹಡಪದ್ ಹೀಗೆ ಆ ಸಾಲು ಬೆಳೆಯುತ್ತದೆ. ಅವರು ಕಲಿಸಿದ ರೀತಿಗಳು ಬೇರೆ ಬೇರೆ. ತೆಂಗಿನ ಸೀಮೆಯ ಸಣ್ಣ ಊರುಗಳ ಮಕ್ಕಳಿಗೆ ಚಿತ್ರಕಲೆ ಎಂದರೆ ಬಹುಮಟ್ಟಿಗೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮತ್ತು ಲೋಯರ್, ಹೈಯರ್ ಪರೀಕ್ಷೆಗಳು. ಆ ಮೇಷ್ಟ್ರುಗಳ ಹೆಸರು ಯಾವ ಪೀಠದ ಮೇಲೂ ಇರುವುದಿಲ್ಲ.

ಮತ್ತೆ ಸೂರಿನ ಕೆಳಗೆ

ಇಷ್ಟನ್ನು ತಿಳಿದುಕೊಂಡು ಅರಳಗುಪ್ಪೆಗೆ ಹೋದರೆ ಏನು ಬದಲಾಗುತ್ತದೆ? ಒಂದು ದಾರ, ಅದರ ತುದಿಗೆ ಒಂದು ಸಣ್ಣ ಕಲ್ಲು, ಒಂದು ಪೆನ್ಸಿಲ್ಲು ಸಾಕು. ಗೋಡೆಯ ಮೂರ್ತಿಯ ಎದುರು ದಾರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ತಲೆ, ನಡು, ಕಾಲು ಎಷ್ಟೆಷ್ಟು ಸರಿದಿವೆ ಎಂಬುದು ಕಾಣುತ್ತದೆ. ಪೆನ್ಸಿಲಿನ ಮೇಲೆ ಬೆರಳಿಟ್ಟು ಮುಖದ ಉದ್ದ ಹಿಡಿದು, ಕೆಳಗೆ ಎಷ್ಟು ಮುಖಗಳಿವೆ ಎಂದು ಎಣಿಸಬಹುದು. ಎಣಿಕೆ ಎಲ್ಲ ಕಡೆ ಒಂಬತ್ತಕ್ಕೆ ಬರುವುದಿಲ್ಲ. ಹೊಯ್ಸಳರ ಎಷ್ಟೋ ಮೂರ್ತಿಗಳು ಗಿಡ್ಡ, ಗುಂಡು. ಅಲ್ಲೇ ಪ್ರಶ್ನೆಗಳು ಹುಟ್ಟುತ್ತವೆ: ಶಿಲ್ಪಿ ಶಾಸ್ತ್ರ ಬಿಟ್ಟದ್ದೇಕೆ? ಗೋಡೆಯ ಸಾಲಿನ ಎತ್ತರ ಇಷ್ಟೇ ಎಂದೋ? ಕಿರೀಟಕ್ಕೆ, ಬಳ್ಳಿಯ ತೋರಣಕ್ಕೆ ಜಾಗ ಬೇಕಿತ್ತೋ?

ಒಂದೇ ಊರಿನಲ್ಲಿ ನಾಲ್ಕು ಶತಮಾನಗಳ ದೂರವನ್ನು ಹೋಲಿಸುವ ಭಾಗ್ಯ ಅರಳಗುಪ್ಪೆಯಲ್ಲಿದೆ. ಕಲ್ಲೇಶ್ವರದ ಸೂರು ನೊಳಂಬರ ಶೈಲಿಯದು. ಮೈ ತೆಳು, ಆಭರಣ ಮಿತ, ಗೆರೆ ಹರಿಯುತ್ತದೆ. ಅಲ್ಲಿನ ಶಿವನ ಎದೆ ಹೊಟ್ಟೆಗಳಲ್ಲಿ ಒಂದೂ ಮಾಂಸಖಂಡ ಎದ್ದು ಕಾಣುವುದಿಲ್ಲ. ಆದರೂ ಉಸಿರು ತುಂಬಿದಂತೆ ಮೈ ಬಿಗಿದಿದೆ. ಹಸುವಿನ ಮುಖದ ಹೋಲಿಕೆ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನಕೇಶವ ಗುಡಿಗೆ ಬಂದರೆ ಮೈಯ ಮೇಲೆ ಒಡವೆಗಳ ಹೊರೆ. ಮಣಿ ಮಣಿಯನ್ನೂ ಬಿಡಿಸಿದ್ದಾರೆ. ಮೈಯ ಗೆರೆ ಒಡವೆಗಳ ಹಿಂದೆ ಸರಿದಿದೆ, ಆದರೆ ಸತ್ತಿಲ್ಲ. ಒಡವೆಗಳನ್ನು ಬಿಟ್ಟು ಬರೀ ಮೈಯನ್ನು ಬರೆಯಲು ಪ್ರಯತ್ನಿಸಿದವರಿಗೆ ಅದು ಗೊತ್ತಾಗುತ್ತದೆ. ಅಲ್ಲಿಂದ ನುಗ್ಗೇಹಳ್ಳಿಗೆ ಹೋಗಿ ಬೈಚೋಜನ ಗೋಡೆಯ ಒಂದು ಮೂರ್ತಿ, ಮಲ್ಲಿತಮ್ಮನ ಗೋಡೆಯ ಒಂದು ಮೂರ್ತಿ ಬರೆದರೆ, ಒಂದೇ ಶಾಸ್ತ್ರ ಕಲಿತ ಇಬ್ಬರ ಕೈ ಎಷ್ಟು ಬೇರೆ ಎಂಬುದು ತಿಳಿಯುತ್ತದೆ.

ಇದಕ್ಕೆ ಸಮಯ ಬೇಕು. ಈ ಸೀಮೆಯವರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ವರ್ಷದ ಹತ್ತಿರ ಹತ್ತಿರ ಬೇಕು. ನೀರು ತಾನಾಗಿ ಇಂಗಿ, ಒಳಗೆ ಗಿಟುಕು ಅಲ್ಲಾಡುವವರೆಗೆ ಒಡೆಯುವಂತಿಲ್ಲ. ವೆಂಕಟಪ್ಪ ಮನೆತನದ ವಿದ್ಯೆ ಇದ್ದೂ ಗುರುವಿನ ಹತ್ತಿರ ಸುಮಾರು ಏಳು ವರ್ಷ ಇದ್ದರು.

ಕಲ್ಲು ಗುರುವಾಗಬಲ್ಲದೇ ಎಂದರೆ ಅರ್ಧ ಮಾತ್ರ ಹೌದು. ಅದು ತೋರಿಸುತ್ತದೆ, ತಿದ್ದುವುದಿಲ್ಲ. ಬರೆದದ್ದನ್ನು ನೋಡಿ ಇಲ್ಲಿ ದಾರ ತಪ್ಪಿದೆ ಎನ್ನಲು, ಮರುದಿನ ಬಂದು ನಾನು ಹೇಳಿದ್ದೇ ತಪ್ಪು, ನೀನು ಕಂಡದ್ದೇ ಸರಿ ಎನ್ನಲು ಒಬ್ಬ ಮನುಷ್ಯ ಬೇಕು. ಮಲ್ಲಿತಮ್ಮನಿಗೂ ಅಂಥ ಒಬ್ಬರು ಇದ್ದಿರಬೇಕು. ನುಗ್ಗೇಹಳ್ಳಿಯ ಉತ್ತರದ ಗೋಡೆಯ ಮೇಲೆ ಮಲ್ಲಿತಮ್ಮನ ಹೆಸರಿದೆ, ಅವರ ಹೆಸರಿಲ್ಲ. ಅವರು ಹೇಳಿಕೊಟ್ಟದ್ದು ಮೂರ್ತಿಗಳ ಮಂಡಿಯಲ್ಲಿ, ಮುಂಗೈಯಲ್ಲಿ, ಸೊಂಟದ ಬಾಗಿನಲ್ಲಿ ಹಾಗೆಯೇ ಇದೆ.